ಗುಲಾಬಿ ಕಾಯಿಕೊರಕ ಬಿಟಿ ಹತ್ತಿನ್ನ ಹೆಂಗ ಗೆದ್ದಿತು? ವಿಕಾಸ ನಮ್ಮ ಎರಿ ಹೊಲದಾಗ ನಡದೈತಿ, ಬರ್ರಿ ಮಾತಾಡೋಣ

ಎರಿಹೊಲದ ಮಾಸ್ತರ, ಅಣ್ಣಿಗೇರಿ:
ಹತ್ತಿ ಕಾಯಿ ಕಟ್ಟೋ ಹೊತ್ತಿಗೆ ನಮ್ಮ ಕಡೆ ಯಾವ ಊರಿಗೆ ಹೋದ್ರೂ, ಬಿಟಿ ಹತ್ತಿ ತಿಂದ್ರೂ ಗುಲಾಬಿ ಹುಳ ಯಾಕ ಸಾಯವಲ್ದು ಅನ್ನೋದಕ್ಕ ಎರಡು ಮಾತು ಕೇಳತಾವ. ಒಂದು, ಕಂಪನಿಯವರು ಬೀಜದಾಗ ವಿಷ ಕಡಿಮಿ ಮಾಡ್ಯಾರ ಅಂತ. ಇನ್ನೊಂದು, ಹುಳಕ್ಕ ವಿಷ ತಿಂದು ತಿಂದು ರೂಢಿ ಆಗೈತಿ ಅಂತ. ಎರಡೂ ಅಲ್ಲ ಅಂತ ನನ್ನ ವಾದ, ಅದನ್ನ ಸ್ವಲ್ಪ ಉದ್ದಕ ಬರೀತೇನಿ. ಹತ್ತನೇ ಇಯತ್ತೆ ಹುಡುಗರಿಗೆ ವಿಕಾಸ ಅಂದ್ರ ಜಿರಾಫೆ, ಗ್ಯಾಲಪಗೋಸ್ ದ್ವೀಪದ ಹಕ್ಕಿ ಅಂತ ದೂರದ್ದು ಹೇಳಿಕೋತ ಬಂದೇವಿ, ಆದ್ರ ಜಗತ್ತಿನ ವಿಜ್ಞಾನಿಗಳು ಕೂತು ಓದೋ ಉದಾಹರಣೆ ನವಲಗುಂದದಿಂದ ಸವಣೂರು ತನಕ ನಮ್ಮ ಹೊಲದಾಗ ಬಿದ್ದೈತಿ.

ಮೊದಲ ವಿಷ ಹೆಂಗ ಕೆಲಸ ಮಾಡತೈತಿ ನೋಡ್ರಿ. ಮಣ್ಣಾಗ ಇರೋ ಬ್ಯಾಸಿಲಸ್ ತುರಿಂಜಿಯೆನ್ಸಿಸ್ (ಬಿಟಿ ಅಂದ್ರ ಇದ) ಅನ್ನೋ ಬ್ಯಾಕ್ಟೀರಿಯಾದ ಜೀನು ಹತ್ತಿಗಿಡಕ್ಕ ಹಾಕ್ಯಾರ, ಗಿಡ ತಾನ ಕ್ರೈ1ಎಸಿ ಅನ್ನೋ ಪ್ರೋಟೀನು ತಯಾರ ಮಾಡತೈತಿ. ಹುಳದ ಕರುಳಿನ ಕ್ಷಾರದಾಗ ಅದು ಕರಗಿ, ಕರುಳಿನ ಗ್ವಾಡಿ ಮ್ಯಾಲ ಇರೋ ಕ್ಯಾಡ್ಹೆರಿನ್ ಅನ್ನೋ ಪ್ರೋಟೀನಿಗೆ ಅಂಟಿಕೊಂಡು, ಜೀವಕೋಶಕ್ಕ ತೂತು ಬಿದ್ದು ಹುಳ ಸಾಯತೈತಿ. ಈಗ ಯಾವುದೋ ಒಂದು ಹುಳಕ್ಕ ಹುಟ್ಟತಾನ ಆ ಕ್ಯಾಡ್ಹೆರಿನ್ ಜೀನು ಕೆಟ್ಟಿತ್ತು ಅಂತ ತಿಳ್ಕೋರಿ, ವಿಷಕ್ಕ ಹಿಡಕೊಳ್ಳಾಕ ಜಾಗಾನ ಇಲ್ಲ, ಹೊಟ್ಟ್ಯಾಗಿಂದ ಹಂಗ ದಾಟಿ ಹೋಗತೈತಿ. ಅಂಥಾ ಹುಳ ಬಿಟಿ ಬರೋಕ್ಕಿಂತ ಮೊದಲೂ ಇದ್ದವು, ಅಪರೂಪಕ್ಕ ಎಲ್ಲೋ ಒಂದು. ಆವಾಗ ಅದರಿಂದ ಅವಕ್ಕ ಏನೂ ಲಾಭ ಇರಲಿಲ್ಲ. ಹೊಲ ಪೂರಾ ಬಿಟಿ ಆದ ದಿನದಿಂದ ಉಳದವೆಲ್ಲಾ ಸತ್ತು, ಆ ಒಂದರ ಮಕ್ಕಳು ಮರಿಮಕ್ಕಳ ಹೊಲ ತುಂಬಿದ್ವು. ಯಾವ ಹುಳಾನೂ ತನ್ನ ಜೀವನದಾಗ ಬದಲಾಗಿಲ್ಲ, ಬದಲಾಗಿದ್ದು ಹೊಲದಾಗಿನ ಹುಳಗಳ ಲೆಕ್ಕ.

ಇದು ಎಷ್ಟು ಲಗೂ ಆತು ಅಂದ್ರ, ಬಿಟಿ ಹತ್ತಿಗೆ ನಮ್ಮ ದೇಶದಾಗ 2002ರಾಗ ಪರವಾನಿಗಿ, 2006ರಾಗ ಎರಡನೇ ಜೀನು ಕ್ರೈ2ಎಬಿ ಸೇರಿಸಿದ ಬೀಜ. ಗುಜರಾತದಾಗ 2009ರ ಹಂಗಾಮಿನ ಹುಳ ತಂದು ಟೆಸ್ಟ್ ಮಾಡಿ, ಗುಲಾಬಿ ಹುಳ ಮೊದಲನೇ ವಿಷಕ್ಕ ಸಾಯವಲ್ದು ಅಂತ 2010ರಾಗ ಕಂಪನಿಯವರ ಒಪ್ಪಿಕೊಂಡರು. 2014-15ರ ಹೊತ್ತಿಗೆ ಎರಡನೇ ವಿಷಾನೂ ಹೋತು. 2014ರಾಗ ಬಂದ ಒಂದು ಸಂಶೋಧನೆಯೊಳಗ ಭಾರತದ ಹೊಲದ ಹುಳಗಳಾಗ ಕ್ಯಾಡ್ಹೆರಿನ್ ಜೀನು 8 ಬ್ಯಾರೆ ಬ್ಯಾರೆ ರೀತಿಯಿಂದ ಕೆಟ್ಟಿದ್ದು ಸಿಕ್ಕೈತಿ. ಒಂದ ತಾಯಿಯಿಂದ ದೇಶ ತುಂಬ ಹರಡಿದ್ರ ಒಂದ ರೀತಿ ಇರಬೇಕಿತ್ತು. ಎಂಟು ರೀತಿ ಅಂದ್ರ ಒಂದ ಬೀಗಕ್ಕ ಎಂಟು ಕಳ್ಳರು ಎಂಟು ಕಡೆಯಿಂದ ಬಂದು ಬ್ಯಾರೆ ಬ್ಯಾರೆ ರೀತಿ ಮುರದಂಗ ಆತು. ನನಗ ಇದನ್ನ ಓದಿದಾಗ ಮೈ ಜುಮ್ ಅಂತು ಖರೇನ.

ಸವಣೂರ ರೈತ:
ಸರ್ ಬರದಿದ್ದು ಚಲೋ ಐತಿ ಆದ್ರ ನನಗ ಒಂದು ತಿಳೀವಲ್ದು. ಮೊದಮೊದಲು ಬಿಟಿ ಹಾಕಿದಾಗ ಔಷಧಿ ಖರ್ಚು ಅರ್ಧಕ್ಕ ಇಳದಿತ್ತು ಕಾಯಿ ಒಡದ್ರ ಬೆಳ್ಳಗ ಹಾಲಿನಂಗ ಅರಳಿ, ಈಗ ಹೊರಗಿಂದ ಕಾಯಿ ಹಸರ ಇರತೈತಿ, ಒಡದ ನೋಡಿದ್ರ ಒಳಗ ಹುಳ ಕೂತು ಬೀಜ ತಿಂದು ಅರಳಿ ಕಂದು ಬಣ್ಣ ಆಗಿರತೈತಿ, ಹೊಡದ ಎಣ್ಣಿ ಒಳಗ ಹೋಗೂದ ಇಲ್ಲ. ಹಿಂಗಾಗಿ ನಮ್ಮ ಓಣ್ಯಾಗ ಅರ್ಧ ಮಂದಿ ಗೋವಿನಜೋಳಕ್ಕ ಹೋಗಿಬಿಟ್ರು. ಬೀಜದ ಜೋಡಿ ಒಂದು ಸಣ್ಣ ಪ್ಯಾಕೆಟ್ ಕೊಡತಿದ್ರಲ್ಲ ಅದು ಏನದು? ಅಂಗಡಿಯಂವ ಅದು ಬ್ಯಾಡ ಬಿಡ್ರಿ ಇಳುವರಿ ಬರಂಗಿಲ್ಲ ಅಂದಿದ್ದ, ನಾವೂ ಬದುವಿಗೆ ಒಗದ್ವಿ.

ಎರಿಹೊಲದ ಮಾಸ್ತರ, ಅಣ್ಣಿಗೇರಿ:
ಆ ಸಣ್ಣ ಪ್ಯಾಕೆಟ್ಟಿನಾಗ ಇಡೀ ಕಥಿ ಐತ್ರಿ. 450 ಗ್ರಾಂ ಬಿಟಿ ಬೀಜ, ಜೋಡಿ 120 ಗ್ರಾಂ ಬಿಟಿ ಇಲ್ಲದ ಬೀಜ. ಹೊಲದ ಸುತ್ತ ಐದು ಸಾಲು, ಇಲ್ಲಾಂದ್ರ ನೂರಕ್ಕ 20 ಜಾಗಾ ಅದಕ್ಕ ಬಿಡಬೇಕಂತ ನಿಯಮ ಇತ್ತು. ಅಲ್ಲಿ ಸಾಧಾ ಹುಳ ಬದುಕಬೇಕು, ಅದಕ್ಕನ ಅದನ್ನ ರೆಫ್ಯೂಜ್ ಅಂತಾರ. ಹುಳ ಸಾಕೋ ಹೊಲ ಅಂದ್ರ ಯಾವ ರೈತನೂ ಒಪ್ಪಂಗಿಲ್ಲ, ಯಾಕ ಬೇಕು ಅಂತ ಕುಂಡ್ರಿಸಿ ತಿಳಿಸಿ ಹೇಳಿದವರೂ ಕಡಿಮಿ. ಇದಕ್ಕ ರೈತರನ್ನ ಬೈಯೋದು ಸರಿ ಅಲ್ಲ ಅಂತ ನನ್ನ ಗಟ್ಟಿ ಅಭಿಪ್ರಾಯ.

ಕೀಟಶಾಸ್ತ್ರದ ಹುಡುಗಿ, ಧಾರವಾಡ:
ಮಾಸ್ತರ ನಾನು ಇದರ ಲೆಕ್ಕ ಹೇಳ್ಲಾ, ಇದು ಗೊತ್ತಾದ್ರೆ ರೆಫ್ಯೂಜ್ ಯಾಕೆ ಅನ್ನೋದು ಕ್ಲಿಯರ್ ಆಗುತ್ತೆ. ಪ್ರತಿ ಹುಳದಲ್ಲಿ ಆ ಜೀನಿನ ಎರಡು ಕಾಪಿ ಇರ್ತಾವೆ, ಅಪ್ಪಂದೊಂದು ಅಮ್ಮಂದೊಂದು. ಎರಡೂ ಕೆಟ್ಟಿದ್ರೆ ಮಾತ್ರ ಹುಳ ಪೂರ್ತಿ ನಿರೋಧಕ, ಅಂದ್ರೆ ವಿಷಕ್ಕೆ ಸಾಯಲ್ಲ, ಒಂದು ಸರಿ ಇದ್ರೂ ಗಿಡದಲ್ಲಿ ವಿಷ ಜೋರಾಗಿದ್ರೆ ಸಾಯುತ್ತೆ. ಕೆಟ್ಟ ಕಾಪಿ ಸಾವಿರಕ್ಕೆ ಒಂದು ಇದೆ ಅಂದುಕೊಳ್ಳಿ, ಎರಡೂ ಕೆಟ್ಟ ಹುಳ ಹತ್ತು ಲಕ್ಷಕ್ಕೆ ಒಂದು ಅಷ್ಟೇ. ಆ ಒಂದು ಪತಂಗ ಆಗಿ ಹೊರಗೆ ಬಂದಾಗ ಸುತ್ತ ರೆಫ್ಯೂಜಿನಿಂದ ಬಂದ ಸಾವಿರಾರು ಸಾಧಾ ಪತಂಗ ಹಾರಾಡ್ತಿದ್ರೆ ಅದು ಕೂಡೋದು ಅವುಗಳ ಜೊತೇನೇ, ಹುಟ್ಟೋ ಮರಿಗೆಲ್ಲಾ ಒಂದೊಂದೇ ಕೆಟ್ಟ ಕಾಪಿ, ಅವು ಬಿಟಿ ಕಾಯಿ ತಿಂದು ಸಾಯ್ತಾವೆ. ಆದರೆ ಸುತ್ತ ಹತ್ತೂರಲ್ಲಿ ಬರೀ ಬಿಟಿ ಇದ್ರೆ ಬದುಕಿ ಹೊರಬಂದ ಪತಂಗಕ್ಕೆ ಸಿಗೋ ಜೋಡಿನೂ ಬದುಕಿದ್ದೇ, ಅಲ್ಲಿಗೆ ಮುಗೀತು.

ಅಮೆರಿಕದ ಅರಿಝೋನಾದಲ್ಲಿ ನಿಜಕ್ಕೂ ಇದು ಪರೀಕ್ಷೆ ಆಗಿದೆ. ಅಲ್ಲಿ ಬಿಟಿ ಹತ್ತಿ 1996ರಲ್ಲಿ ಬಂತು. 1997ರಲ್ಲಿ ಬ್ರೂಸ್ ಟಬಾಶ್ನಿಕ್ ಅವರ ತಂಡ ಹೊಲದ ಹುಳ ತಂದು ನೋಡಿದಾಗ ಕೆಟ್ಟ ಕಾಪಿ ಸಾವಿರಕ್ಕೆ ಒಂದಲ್ಲ, ನೂರಕ್ಕೆ 16 ಅಂತ ಅಂದಾಜು ಸಿಕ್ತು. ಲೆಕ್ಕದ ಪ್ರಕಾರ ಎರಡು ಮೂರು ವರ್ಷದಲ್ಲಿ ಬಿಟಿ ಕಥೆ ಮುಗೀಬೇಕಿತ್ತು, ಮುಗೀಲಿಲ್ಲ, ಯಾಕೆಂದರೆ ಅಲ್ಲಿನ ರೈತರು ರೆಫ್ಯೂಜ್ ಬಿಟ್ಟಿದ್ರು. ಆಮೇಲೆ 2006ರಿಂದ ಬಂಜೆ ಮಾಡಿದ ಪತಂಗಗಳನ್ನ ವಿಮಾನದಿಂದ ಕೋಟಿಗಟ್ಟಲೆ ಬಿಟ್ರು, ಬದುಕಿ ಉಳಿದದ್ದು ಈ ಬಂಜೆ ಪತಂಗದ ಜೊತೆ ಕೂಡಿ ಮರಿ ಇಲ್ಲದೆ ಹೋಯ್ತು. 2018ರಲ್ಲಿ ಅಮೆರಿಕದ ಹತ್ತಿ ಸೀಮೆಯಿಂದ ಗುಲಾಬಿ ಹುಳ ನಿರ್ಮೂಲ ಅಂತ ಅಧಿಕೃತವಾಗಿ ಘೋಷಣೆ ಮಾಡಿದ್ರು. ಅದೇ ಹುಳ, ಅದೇ ಜೀನು. 1843ರಲ್ಲಿ ಈ ಹುಳಕ್ಕೆ ಮೊದಲ ಸಲ ಹೆಸರಿಟ್ಟದ್ದು ನಮ್ಮ ದೇಶದಿಂದ ಹೋದ ಸ್ಯಾಂಪಲ್ ನೋಡಿ, ಅಮೆರಿಕಕ್ಕೆ ಅದು ಮುಟ್ಟಿದ್ದು 1917ರಲ್ಲಿ.

ಗದಗಿನ ಕಡ್ಲಿ ಬೆಳೆಗಾರ:
ಹಂಗಾದ್ರ ಹಸರ ಕಾಯಿಕೊರಕ ಯಾಕ ಗೆಲ್ಲಲಿಲ್ಲ? ಬಿಟಿ ತಂದಿದ್ದ ಆ ಹುಳದ ಕಾಟಕ್ಕಲ್ಲೇನ್ರಿ, ನಮ್ಮಪ್ಪನ ಕಾಲದಾಗ ವಾರ ವಾರ ಎಣ್ಣಿ ಹೊಡದು ಸಾಲಾ ಮಾಡಿಕೊಂಡವರು ಎಷ್ಟೋ ಮಂದಿ. ಈಗ ಹತ್ತ್ಯಾಗ ಅದು ಕಾಣೂದ ಕಡಿಮಿ, ನಮ್ಮ ಕಡ್ಲ್ಯಾಗ ಮಾತ್ರ ಇವತ್ತಿಗೂ ಬಿಡೂದಿಲ್ಲ.

ಎರಿಹೊಲದ ಮಾಸ್ತರ, ಅಣ್ಣಿಗೇರಿ:
ಉತ್ತರ ನಿಮ್ಮ ಪ್ರಶ್ನೆಯೊಳಗ ಐತಿ ನೋಡ್ರಿ. ಹಸರ ಹುಳ ಕಡ್ಲಿ ತಿಂತೈತಿ, ತೊಗರಿ ತಿಂತೈತಿ, ಟೊಮೇಟೊ, ಗೋವಿನಜೋಳ, ಸೂರ್ಯಕಾಂತಿ ಎಲ್ಲಾ ತಿಂತೈತಿ. ಈ ಬೆಳಿಯೊಳಗ ಬಿಟಿ ಇಲ್ಲ. ಅಂದ್ರ ಗದಗ, ನರಗುಂದ, ರೋಣದ ಎರಿ ಹೊಲದ ಕಡ್ಲಿ ತೊಗರಿ ಎಲ್ಲಾ ಅದಕ್ಕ ಯಾರೂ ಹೇಳದ, ಯಾರೂ ದುಡ್ಡು ಕೊಡದ ರೆಫ್ಯೂಜ್. ಅಲ್ಲಿಂದ ಸಾಧಾ ಪತಂಗ ಹತ್ತಿ ಹೊಲಕ್ಕ ಬಂದು ಕೂಡಿಕೋತ ಇರತಾವ. ಗುಲಾಬಿ ಹುಳ ಹಂಗಲ್ಲ, ಅದರ ಬಾಳೆಲ್ಲಾ ಹತ್ತಿಕಾಯ್ಯಾಗ, ಬೆಂಡಿಕಾಯಿಯಂಥಾ ಒಂದೆರಡು ಗಿಡ ಬಿಟ್ರ ಬ್ಯಾರೆ ಗತಿ ಇಲ್ಲ. ದೇಶದ ಹತ್ತಿಯೊಳಗ ನೂರಕ್ಕ 90ಕ್ಕಿಂತ ಹೆಚ್ಚು ಬಿಟಿ ಆದಾಗ ಆ ಹುಳಕ್ಕ ಜಗತ್ತ ಪೂರಾ ವಿಷ ಆತು, ಬದುಕೋ ಒಂದ ದಾರಿ ಉಳೀತು. ಎರಡು ಹುಳ, ಒಂದ ವಿಷ, ಒಂದ ಹೊಲ, ಫಲಿತಾಂಶ ಮಾತ್ರ ಉಲ್ಟಾ. ವಿಕಾಸ ಕಲಿಸಾಕ ಇದಕ್ಕಿಂತ ಚಲೋ ಪಾಠ ನಾ ಕಂಡಿಲ್ಲ.

ನಿಜವಾದಿ, ಹುಬ್ಬಳ್ಳಿ:
ಓದ್ತಾ ಬಂದೆ, ಒಂದು ಗಂಭೀರ ತಕರಾರು ಇದೆ. ಹುಳ ಹುಳಾನೇ ಉಳೀತಲ್ಲ ಸರ್? ಅದೇನು ಹಕ್ಕಿ ಆಗಲಿಲ್ಲ. ಒಂದು ಜೀನು ಕೆಟ್ಟುಹೋಗೋದಕ್ಕೆ ವಿಕಾಸ ಅನ್ನೋದು ದೊಡ್ಡ ಮಾತಾಯ್ತು ಅನ್ಸುತ್ತೆ, ಕೆಡೋದರಿಂದ ಹೊಸದು ಹೆಂಗೆ ಹುಟ್ಟುತ್ತೆ? ಜಗಳಕ್ಕೆ ಕೇಳ್ತಿಲ್ಲ, ಮನಸ್ಸಿನಲ್ಲಿದ್ದದ್ದು ಕೇಳ್ತಿದೀನಿ.

ಕೀಟಶಾಸ್ತ್ರದ ಹುಡುಗಿ, ಧಾರವಾಡ:
ಒಳ್ಳೆ ಪ್ರಶ್ನೆ ಸರ್. ಒಂದು ಜೀವಿಯ ಗುಂಪಿನಲ್ಲಿ ಜೀನುಗಳ ಪ್ರಮಾಣ ತಲೆಮಾರಿನಿಂದ ತಲೆಮಾರಿಗೆ ಬದಲಾದ್ರೆ ಅದೇ ವಿಕಾಸ, ಹಕ್ಕಿ ಆಗಬೇಕು ಅಂತೇನಿಲ್ಲ, ಮತ್ತೆ 20 ವರ್ಷದಲ್ಲಿ ಹುಳ ಹಕ್ಕಿ ಆಗಬೇಕು ಅಂತ ಯಾವ ಜೀವಶಾಸ್ತ್ರಜ್ಞರೂ ಹೇಳಲ್ಲ. ಹೊಸದು ಹುಟ್ಟೋದಕ್ಕೆ ಉದಾಹರಣೆ ಗದಗಿನವರು ಹೇಳಿದ ಕಡಲೆ ಹುಳದಲ್ಲೇ ಇದೆ. ಅದರಲ್ಲಿ ಅಕ್ಕಪಕ್ಕ ಇದ್ದ ಎರಡು ಜೀನು ಅಡ್ಡಾದಿಡ್ಡಿ ಕತ್ತರಿಸಿ ಕೂಡಿಕೊಂಡು ಮೂರನೇ ಒಂದು ಜೀನು ಆಗಿದೆ, ಸಿವೈಪಿ337ಬಿ3 ಅಂತ ಹೆಸರು. ಅದು ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕವನ್ನ ಒಡೆದು ಹಾಕುತ್ತೆ, ಮೊದಲಿನ ಎರಡು ಜೀನಿಗೆ ಆ ಶಕ್ತಿ ಇರಲಿಲ್ಲ. ಇದು ಕೆಟ್ಟಿದ್ದಲ್ಲ, ಹೊಸ ಕೆಲಸ ಕಲಿತ ಹೊಸ ಜೀನು.

ಇನ್ನೂ ಮುಂದಿನದು ಕೇಳಿ. ಈ ಹುಳ ಬ್ರೆಝಿಲ್ಲಿಗೆ ಹೋಗಿದ್ದು 2013ರಲ್ಲಿ ಗೊತ್ತಾಯ್ತು. ಅಲ್ಲಿ ಇದರ ದಾಯಾದಿ ಇನ್ನೊಂದು ಪ್ರಭೇದ ಇದೆ, ಅಮೆರಿಕಾ ಖಂಡದ ಗೋವಿನಜೋಳದ ಹುಳ. ಎರಡೂ ಬೇರೆಯಾಗಿ ಸುಮಾರು 15 ಲಕ್ಷ ವರ್ಷ ಆಯ್ತು ಅಂತ ಅಂದಾಜು ಇದ್ರೂ ಕೂಡಿಕೊಂಡು ಮಿಶ್ರ ಮರಿ ಹುಟ್ಟಿದ್ವು. 2018 ಮತ್ತು 2020ರಲ್ಲಿ ಬಂದ ಜೀನೋಮ್ ಅಧ್ಯಯನಗಳಲ್ಲಿ ನೋಡಿದ್ರೆ ಈ ನಿರೋಧಕ ಜೀನು ದಾಯಾದಿ ಹುಳಕ್ಕೂ ದಾಟಿಬಿಟ್ಟಿದೆ. ಪ್ರಭೇದದ ಗಡಿ ನಾವು ಪುಸ್ತಕದಲ್ಲಿ ಗೆರೆ ಹೊಡೆದಷ್ಟು ಗಟ್ಟಿ ಇಲ್ಲ ಅಂತ ಇತ್ತೀಚಿನ ಸಂಶೋಧನೆ ಮತ್ತೆ ಮತ್ತೆ ತೋರಿಸ್ತಿದೆ. ನನಗಂತೂ ಈ ವಿಷಯದಲ್ಲಿ ಅತಿ ರೋಮಾಂಚನ ಅನ್ಸೋದು ಇದೇ.

ನಿಜವಾದಿ, ಹುಬ್ಬಳ್ಳಿ:
ಸರಿ, ಎರಡು ಜೀನು ಸೇರಿ ಮೂರನೇದಾಗಿದ್ದು ನನಗೆ ಹೊಸ ವಿಷಯ. ಆದರೆ ವಿಷ ಬಂದಿದ್ದಕ್ಕೇ ಜೀನು ಬದಲಾಗಲಿಲ್ಲ ಅಂತ ಹೆಂಗೆ ಹೇಳ್ತೀರಿ? ವಿಷಾನೇ ಬದಲಾಯಿಸಿರಬಹುದಲ್ಲ.

ಎರಿಹೊಲದ ಮಾಸ್ತರ, ಅಣ್ಣಿಗೇರಿ:
ಈ ಸಂಶಯ ವಿಜ್ಞಾನಿಗಳಿಗೂ ಇತ್ತು. 1943ರಾಗ ಲೂರಿಯಾ, ಡೆಲ್ಬ್ರೂಕ್ ಅನ್ನೋ ಇಬ್ಬರು ಬ್ಯಾಕ್ಟೀರಿಯಾ ಮ್ಯಾಲ ಪ್ರಯೋಗ ಮಾಡಿ ನೋಡಿದ್ರು. ಬ್ಯಾರೆ ಬ್ಯಾರೆ ನಳಿಕೆಯೊಳಗ ಬ್ಯಾಕ್ಟೀರಿಯಾ ಬೆಳಸಿ ಆಮ್ಯಾಲ ಎಲ್ಲಾದಕ್ಕೂ ವೈರಸ್ ಹಾಕಿದ್ರು. ವೈರಸ್ಸ ಬದಲಾವಣೆ ತರಾಂಗಿದ್ರ ಪ್ರತಿ ನಳಿಕ್ಯಾಗ ಉಳಿಯೋ ಸಂಖ್ಯೆ ಹೆಚ್ಚುಕಡಿಮಿ ಒಂದ ಆಗಬೇಕಿತ್ತು. ಆಗಲಿಲ್ಲ, ಕೆಲವು ನಳಿಕ್ಯಾಗ ಸೊನ್ನಿ, ಕೆಲವರಾಗ ಒಮ್ಮೆಲೆ ನೂರಾರು. ಅಂದ್ರ ವೈರಸ್ ಬರೋಕ್ಕಿಂತ ಎಷ್ಟೋ ತಲೆಮಾರು ಮೊದಲ ಯಾವುದೋ ಒಂದರಾಗ ಬದಲಾವಣೆ ಆಗಿ ಅದರ ಸಂತಾನ ಬೆಳದಿತ್ತು. ಅರಿಝೋನಾದ ಹುಳದಾಗ ಬಿಟಿ ಬಂದ ಮರುವರ್ಷನ ನೂರಕ್ಕ 16 ಸಿಕ್ಕಿದ್ದೂ ಅದನ್ನ ಹೇಳತೈತಿ, ಒಂದು ವರ್ಷದಾಗ ಅಷ್ಟು ಹುಟ್ಟಾಕ ಸಾಧ್ಯ ಇಲ್ಲ.

ಕ್ರಾಸಿಂಗ್ ಅಕ್ಕ, ರಾಣೆಬೆನ್ನೂರು:
ನಮಸ್ಕಾರ, ನಾನು ಹತ್ತಿ ಬೀಜೋತ್ಪಾದನೆ ಹೊಲದಾಗ ಭಾಳ ವರ್ಷ ಕೆಲಸಾ ಮಾಡೇನಿ. ಸಂಜೀಕ ಮೊಗ್ಗಿಯ ಗಂಡು ಕೇಸರ ಕಿತ್ತು ತಗದು, ಮರುದಿನ ಮುಂಜಾನೆ ಗಂಡು ಗಿಡದ ಹೂವಿನ ಪರಾಗ ಹಚ್ಚೂದು, ಬೆರಳೆಲ್ಲಾ ಹಳದಿ ಆಗತಿದ್ವು. ಒಂದು ಕೇಳಬೇಕಿತ್ತು, ನಮಗ ಕೊಡತಿದ್ದ ಎರಡು ಸಾಲಿನೊಳಗ ಗಂಡು ಸಾಲು ಅಷ್ಟ ಬಿಟಿ ಇರತಿತ್ತು, ಹೆಣ್ಣ ಸಾಲು ಸಾಧಾ. ಅರ್ಧ ವಿಷ ಅಷ್ಟ ಬರತೈತಿ ಅಂದಂಗಲ್ಲೇನು ಹಂಗಾದ್ರ? ಮತ್ತ ಹತ್ತಿ ಬಿಡಸುವಾಗ ನಾವು ಹೆಣ್ಣಮಕ್ಕಳು ಒಂದು ನೋಡೇವಿ, ಮೊದಲನೇ ಬಿಡಿಗ್ಯಾಗ ಹುಳ ಅಷ್ಟಾಗಿ ಇರಂಗಿಲ್ಲ, ಕಡೀ ಬಿಡಿಗ್ಯಾಗ ಬರೀ ಹುಳದ್ದ ರಾಜ್ಯ, ಎರಡು ಬೀಜ ಅಂಟಿಸಿ ನಡುವ ಕೂತಿರತೈತಿ.

ಕೀಟಶಾಸ್ತ್ರದ ಹುಡುಗಿ, ಧಾರವಾಡ:
ಅಕ್ಕಾ ನೀವು ಕೇಳಿದ್ದು ಬಹಳ ಆಳದ ಪ್ರಶ್ನೆ. ಹೈಬ್ರಿಡ್ ಗಿಡದಲ್ಲಿ ಬಿಟಿ ಜೀನಿನ ಒಂದೇ ಕಾಪಿ ಇರುತ್ತೆ. ಆ ಗಿಡದ ಎಲೆ, ಕಾಯಿಸಿಪ್ಪೆ ಎಲ್ಲದರಲ್ಲೂ ವಿಷ ಇರುತ್ತೆ, ಆದರೆ ಅದರ ಕಾಯೊಳಗಿನ ಬೀಜ ಮುಂದಿನ ತಲೆಮಾರು ತಾನೇ, ಅಲ್ಲಿ ಜೀನು ಹಂಚಿಹೋಗುತ್ತೆ. ಎರಡು ಜೀನಿನ ಬೀಜ ಹಾಕಿದ್ರೆ ಕಾಯೊಳಗಿನ 16 ಬೀಜದಲ್ಲಿ ಸರಾಸರಿ 9ಕ್ಕೆ ಎರಡೂ ವಿಷ, 3ಕ್ಕೆ ಬರೀ ಮೊದಲನೇದು, 3ಕ್ಕೆ ಬರೀ ಎರಡನೇದು, 1ಕ್ಕೆ ಏನೂ ಇಲ್ಲ. ಎಲೆ ತಿನ್ನೋ ಹುಳಕ್ಕೆ ಇದರಿಂದ ಏನೂ ವ್ಯತ್ಯಾಸ ಇಲ್ಲ, ಆದರೆ ಗುಲಾಬಿ ಹುಳ ಬೀಜಾನೇ ತಿನ್ನೋದು! ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ನಡೆಸಿದ್ದ ಕೇಶವ ಕ್ರಾಂತಿ ಅವರು ಇದನ್ನ ಒಂದು ದೊಡ್ಡ ಕಾರಣ ಅಂತ ಹೇಳ್ಕೊಂಡು ಬಂದಿದಾರೆ. ಹೊರದೇಶದಲ್ಲಿ ಹೆಚ್ಚಾಗಿ ಹೈಬ್ರಿಡ್ ಅಲ್ಲ, ತಳಿ ಹತ್ತಿ (ಬೀಜ ಹಾಕಿದ್ರೆ ಮತ್ತೆ ಅದೇ ಗುಣ ಬರೋದು), ಎಲ್ಲಾ ಬೀಜದಲ್ಲೂ ಜೀನು ಇರುತ್ತೆ.

ಕಡೇ ಬಿಡಿಗೆ ವಿಷಯನೂ ಸರಿ. ಹುಳದ ಒಂದು ತಲೆಮಾರು ಸುಮಾರು ಒಂದು ತಿಂಗಳು. ಹತ್ತಿ ಹೊಲ ಫೆಬ್ರವರಿ ಮಾರ್ಚ್ ತನಕ ನಿಂತ್ರೆ ಅಷ್ಟು ತಲೆಮಾರು ಹೆಚ್ಚು, ಪ್ರತಿ ತಲೆಮಾರಿಗೂ ಆಯ್ಕೆ ಇನ್ನಷ್ಟು ಬಿಗಿ.

ಸವಣೂರ ರೈತ:
ಅಂದ್ರ ಮುಗೀತು ಅನ್ನಬೇಕೇನು, ಮತ್ತ ಹಿಂದಕ ಬರಂಗಿಲ್ಲೇನು ಈ ಹುಳ?

ಎರಿಹೊಲದ ಮಾಸ್ತರ, ಅಣ್ಣಿಗೇರಿ:
ಬಂದ ಉದಾಹರಣೆ ಐತ್ರಿ, ಚೀನಾದ ಯಾಂಗ್ಟ್ಸಿ ನದಿ ಕಣಿವ್ಯಾಗ. 2017ರಾಗ ಪ್ರಕಟ ಆದ ಸಂಶೋಧನೆ, ಆರು ಪ್ರಾಂತದ 11 ವರ್ಷದ ಲೆಕ್ಕ. ಅಲ್ಲಿ ರೆಫ್ಯೂಜ್ ಬಿಡ್ರಿ ಅಂತ ಯಾರೂ ಹೇಳಿರಲಿಲ್ಲ. ಬೀಜದ ಖರ್ಚು ಉಳಸಾಕ ಅಂತ ಬಿಟಿ ಹೈಬ್ರಿಡ್ಡಿನ ಎರಡನೇ ತಲೆಮಾರಿನ ಬೀಜ ಮಾರಾಟಕ್ಕ ಬಂತು, ಅದರಾಗ ನೂರಕ್ಕ 25 ಗಿಡ ತಾನಾಗೇ ಬಿಟಿ ಇಲ್ಲದವು. ಯಾವ ಸಾಲಿನಾಗ ಯಾವುದು ಅಂತ ಗೊತ್ತಾಗದಂಗ ಹೊಲ ತುಂಬ ರೆಫ್ಯೂಜ್ ಹರಡಿತು. 2010ರ ತನಕ ಏರಿಕೋತ ಬಂದಿದ್ದ ನಿರೋಧಕ ಹುಳ ಆಮ್ಯಾಲ ಇಳದ್ವು. ಅದಕ್ಕ ಇನ್ನೊಂದು ಕಾರಣ, ಕ್ಯಾಡ್ಹೆರಿನ್ ಕೆಟ್ಟ ಹುಳಕ್ಕ ವಿಷ ಇಲ್ಲದ ಹೊಲದಾಗ ತ್ರಾಸ ಐತಿ. ಚಳಿಗಾಲದಾಗ ಹುಳ ನಿದ್ದಿಗೆ ಹೋಗತೈತಲ್ಲ, ಅಂಥಾ ಹುಳ ಆ ನಿದ್ದಿಯಿಂದ ಎದ್ದು ಬರೋದು ಸಾಧಾ ಹುಳಕ್ಕಿಂತ ಕಡಿಮಿ ಅಂತ ಅರಿಝೋನಾದಾಗ ಕಂಡಾರ.

ನಮ್ಮ ದೇಶದಾಗೂ ಬಿಟಿ ಇಲ್ಲದ ಬೀಜ ಅದ ಪಾಕೀಟಿನಾಗ ಬೆರಸಿ ಕೊಡೋ ಪದ್ಧತಿಗೆ ಆಮ್ಯಾಲ ಹೋದ್ರು, ಆದ್ರ ಅಷ್ಟೊತ್ತಿಗೆ ಎರಡೂ ವಿಷ ಸೋತಿದ್ವು. ಎರಡನೇ ವಿಷಕ್ಕ ಇನ್ನೊಂದು ಜೀನು ಕೆಟ್ಟೈತಿ, ಎಬಿಸಿಎ2 ಅಂತ, ಅದೂ ಭಾರತದ ಹೊಲದ ಹುಳದಾಗನ 2018ರಾಗ ತೋರಿಸ್ಯಾರ. ಅದಕ್ಕ ಇನ್ನ ಬೀಜದ ಮ್ಯಾಲ ಭಾರ ಹಾಕಿ ಕುಂಡ್ರಾಕ ಬರಂಗಿಲ್ಲ.

ನಾನು ಇಷ್ಟೆಲ್ಲಾ ಬರಿಯಾಕ ಕಾರಣ ಇದ. ನಿಮ್ಮ ಹೊಲದ ಹುಳ ನಿಮ್ಮದಲ್ಲ. ಪತಂಗ ಬದು ದಾಟತೈತಿ, ಅದರ ಜೀನೂ ದಾಟತೈತಿ. ಒಬ್ಬ ರೈತ ಎಷ್ಟ ಚಲೋ ಮಾಡಿದ್ರೂ ಬಾಜೂದಂವ ಮಾರ್ಚ್ ತನಕ ಹತ್ತಿ ನಿಲ್ಲಿಸಿದ್ರ ಆಯ್ಕೆ ನಡದ ನಡೀತೈತಿ. ಊರ ಕೂಡಿದ್ರ ಅಷ್ಟ ಇದರ ದಿಕ್ಕು ತಿರಗತೈತಿ.

ಇನ್ನೊಬ್ಬ ಟೀಚರ್, ಬ್ಯಾಡಗಿ:
ಮಾಸ್ತರ್ ಮಧ್ಯೆ ಬಾಯಿ ಹಾಕ್ತೀನಿ. 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿ ಪುಸ್ತಕದಿಂದ ವಿಕಾಸದ ಭಾಗ ತೆಗೆದಾಗ 1800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಮಾಡಿ ವಿರೋಧಿಸಿದ್ರು. ಆ ಸುದ್ದಿ ನಮ್ಮ ಕಡೆ ಯಾರ ಮನಸ್ಸಿಗೂ ಮುಟ್ಟಲಿಲ್ಲ ಅನ್ನೋದು ನನ್ನ ನೋವು. ಹತ್ತನೇ ಇಯತ್ತೆ ಮುಗಿಸಿ ಹೊಲಕ್ಕೆ ಹೋಗೋ ಹುಡುಗ ಹುಡುಗಿಯರು ನಮ್ಮಲ್ಲಿ ಎಷ್ಟೋ ಮಂದಿ, ಅವರಿಗೆ ಆಮೇಲೆ ಯಾರು ಹೇಳ್ತಾರೆ ಇದನ್ನ.

ಗದಗಿನ ಕಡ್ಲಿ ಬೆಳೆಗಾರ:
ಜಯಧರ ಹತ್ತಿ ಹಾಕತಿದ್ವಲ್ಲ, ನಮ್ಮ ಜವಾರಿ ಹತ್ತಿ, ಅದು ಬಿಟಿ ಅಲ್ಲ. ಹಂಗಾದ್ರ ಅದನ್ನ ಹಾಕಿದವರು ಊರಿಗೆ ರೆಫ್ಯೂಜ್ ಕೊಟ್ಟಂಗ ಆತಿಲ್ಲ?

ಕೀಟಶಾಸ್ತ್ರದ ಹುಡುಗಿ, ಧಾರವಾಡ:
ತತ್ವದಲ್ಲಿ ಹೌದು, ಆದರೆ ಜವಾರಿ ಹತ್ತಿ ತಡವಾಗಿ ಬಿತ್ತಿ ಬೇಸಿಗೆ ಹತ್ತಿರ ಬಿಡಿಸೋದು. ಸಾಧಾ ಪತಂಗ ಹೊರಬರೋ ಹೊತ್ತು ಮತ್ತು ಬಿಟಿ ಹೊಲದ ಪತಂಗ ಹೊರಬರೋ ಹೊತ್ತು ಹೊಂದಬೇಕು, ಇಲ್ಲಾಂದ್ರೆ ಅವು ಕೂಡೋದೇ ಇಲ್ಲ. ಹೊಂದದಿದ್ರೆ ಅದು ರೆಫ್ಯೂಜ್ ಆಗೋ ಬದಲು ಹುಳಕ್ಕೆ ಇನ್ನೊಂದೆರಡು ತಿಂಗಳ ಊಟ ಆಗುತ್ತೆ.

ಸವಣೂರ ರೈತ:
ಹಂಗಾದ್ರ ಮಾಡಬೇಕಾದ್ದು ಹೇಳ್ರಿ, ಊರ ಮಂದಿ ಮುಂದ ಇಡತೇನಿ.

ಎರಿಹೊಲದ ಮಾಸ್ತರ, ಅಣ್ಣಿಗೇರಿ:
ಡಿಸೆಂಬರ್ ಮುಗಿಯೋದ್ರಾಗ ಹತ್ತಿ ಕಿತ್ತು ಬಿಡಬೇಕು, ಇದು ಎಲ್ಲಾದಕ್ಕಿಂತ ದೊಡ್ಡದು. ಮತ್ತೊಂದು ನಾಕು ಕ್ವಿಂಟಲ್ ಆಸೆಗೆ ನಿಲ್ಲಿಸಬಾರದು. ಹತ್ತಿ ಬಿಡಿಸಿದ ಹೊಲದಾಗ ಕುರಿ ಬಿಡ್ರಿ, ಉಳದ ಹಸಿಕಾಯಿ ತಿಂದು ಬಿಡತಾವ, ಒಳಗಿನ ಹುಳಾನೂ ಹೋಗತೈತಿ. ಹತ್ತಿಕಟಗಿ ಮನಿ ಹಿತ್ತಲದಾಗ ಒಲಿಗೆ ಅಂತ ಬಣವಿ ಹಾಕತೇವಲ್ಲ, ಅದರಾಗ ಒಣಗಿದ ಕಾಯ್ಯಾಗ ಹುಳ ನಿದ್ದಿ ಮಾಡತಿರತೈತಿ, ಮುಂದಿನ ಮಳಿಗೆ ಪತಂಗ ಆಗಿ ಹಾರತೈತಿ. ಕಟಗಿ ಬೇಕಾದ್ರ ಕಾಯಿ ಉದುರಿಸಿ ಸುಟ್ಟು ಆಮ್ಯಾಲ ಒಟ್ಟರಿ. ಎಕರೆಕ್ಕ ಎರಡು ಮೋಹಕ ಬಲೆ (ಹೆಣ್ಣು ಪತಂಗದ ವಾಸನಿ ಇಟ್ಟು ಗಂಡು ಪತಂಗ ಹಿಡಿಯೋದು) ಹಾಕಿ ಬಲೆಕ್ಕ 8 ಪತಂಗ ಸತತ ಮೂರು ರಾತ್ರಿ ಬಿದ್ರ ಅಷ್ಟ ಔಷಧಿಗೆ ಕೈ ಹಾಕ್ರಿ, ಸುಮ್ಮನ ಹೊಡದ್ರ ಅದಕ್ಕೂ ನಿರೋಧಕ ಹುಳ ಆರಿಸಿ ಕೊಟ್ಟಂಗ.

ಕ್ರಾಸಿಂಗ್ ಅಕ್ಕ, ರಾಣೆಬೆನ್ನೂರು:
ಜಿನ್ನಿಂಗ್ ಮಿಲ್ಲಿಂದೂ ಸೇರಿಸ್ರಿ ಮಾಸ್ತರ. ಬೀಜದ ರಾಶಿ ತಿಂಗಳಗಟ್ಟಲೆ ಬಿದ್ದಿರತೈತಿ, ಅದರಾಗ ಹುಳ ಜೀವಂತ ಇರೂದು ನಾನ ನೋಡೇನಿ. ಮಿಲ್ ಬಾಜೂ ಹೊಲದಾಗ ಮೊದಲ ಹುಳ ಬೀಳೂದು ಅದಕ್ಕನ.

ಎರಿಹೊಲದ ಮಾಸ್ತರ, ಅಣ್ಣಿಗೇರಿ:
ಹೌದ್ರೀ ಅಕ್ಕಾರ, ಅದು ಬಿಟ್ಟಿತ್ತು. ಮಿಲ್ಲಿನ ಸುತ್ತ ಬಲೆ ವರ್ಷ ಪೂರ್ತಿ ಇರಬೇಕು, ಬೀಜ ಮಳಿಗಾಲದೊಳಗ ಎಣ್ಣಿ ಗಾಣಕ್ಕ ಹೋಗಿಬಿಡಬೇಕು. ಸವಣೂರಿನವರ, ಕುರಿಯವರನ್ನ ಈಗಿಂದನ ಕೇಳಿ ಇಡ್ರಿ, ಡಿಸೆಂಬರ್ ಕಡೀ ವಾರಕ್ಕ ನಿಮ್ಮ ಊರ ಸೀಮಿ ಪೂರಾ ಒಮ್ಮೆಲೆ ಹೊಡಿಯಾಂಗ. ನಮ್ಮ ಅಣ್ಣಿಗೇರಿ ಕಡೆ ನಾನೂ ಮಾತಾಡತೇನಿ, ಧಾರವಾಡದ ತಂಗಿ ಬಲೆ ಎಣಿಸೋ ಪಟ್ಟಿ ಒಂದು ಮಾಡಿ ಕೊಟ್ರ ಹೈಸ್ಕೂಲ ಹುಡುಗರ ಕಡೆ ಎಣಿಸಿ ಇಲ್ಲೇ ಹಾಕತೇವಿ.